ಓದುಗರ ಪ್ರಶ್ನೆ: ತೋಡಿದ ಮರಳು ಹೋಗಿದ್ದೆಲ್ಲಿಗೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಶಿಬಿರದಿಂದ ಸುರಂಗದ ಮೂಲಕ ತಪ್ಪಿಸಿಕೊಂಡ ಜಿಮ್ಮಿ ಜೇಮ್ಸ್ ಭಾರತದಲ್ಲಿ ಹುಟ್ಟಿದವರಂತೆ, ಹೌದೇ? (ಹಾಸನದ ಓದುಗರು)

ಉತ್ತರ: ಹೌದು. 1915ರಲ್ಲಿ, ಅಸ್ಸಾಮಿನಲ್ಲಿ. ತಂದೆ ಚಹಾ ತೋಟದವರು. ಬ್ರಿಟಿಷ್ ವಾಯುಪಡೆಯ ವೆಲಿಂಗ್ಟನ್ ಬಾಂಬರ್‌ನ ಎರಡನೇ ಪೈಲಟ್ ಆಗಿದ್ದಾಗ, 1940ರ ಜೂನ್ 5ರಂದು ಜರ್ಮನರು ಹಾಲೆಂಡಿನಲ್ಲಿ ವಿಮಾನವನ್ನು ಹೊಡೆದುರುಳಿಸಿದರು. ಪ್ಯಾರಾಚೂಟಿನಲ್ಲಿ ಇಳಿದು ಸೆರೆಯಾದರು.

ಪ್ರಶ್ನೆ: ಜೇಮ್ಸ್ ತಪ್ಪಿಸಿಕೊಂಡ ಸಾಗನ್ ಸೆರೆಶಿಬಿರದ ಬ್ಯಾರಕ್‌ಗಳು ನೆಲ ಬಿಟ್ಟು ಎತ್ತರದಲ್ಲಿದ್ದವಂತೆ. ಹಾಗಿದ್ದರೆ ಸುರಂಗದ ಬಾಯಿ ಕಾವಲುಗಾರರಿಗೆ ಕಾಣಲಿಲ್ಲವೇ? (ಧಾರವಾಡದ ಓದುಗರು)

ಉತ್ತರ: ಬಗ್ಗಿ ನೋಡಿದರೆ ಅಡಿಭಾಗ ಕಾಣಲಿ ಎಂದೇ ಹಾಗೆ ಕಟ್ಟಿದ್ದು. ಆದರೆ ಒಲೆಯ ಭಾರ ಹೊರಲು ಅದರ ಕೆಳಗೆ ನೆಲದವರೆಗೂ ಗಾರೆಯ ಪಾಯ ಬೇಕಲ್ಲ! 104ನೇ ಬ್ಯಾರಕ್‌ನ ಒಲೆ ಸರಿಸಿ, ಟೈಲ್ಸ್ ಎಬ್ಬಿಸಿ, ಆ ಪಾಯದೊಳಗಿನಿಂದಲೇ ಸುಮಾರು 30 ಅಡಿ ಕೆಳಗಿಳಿದರು. ಅಗೆತದ ಸದ್ದು ಹಿಡಿಯಲು ಜರ್ಮನರು ಮೈಕ್ರೋಫೋನು ಹೂತಿದ್ದರಿಂದ ಅಷ್ಟು ಆಳ ಬೇಕಾಯಿತು. ಅಲ್ಲಿಂದ ಅಡ್ಡಕ್ಕೆ 2 ಅಡಿ ಅಗಲ, 2 ಅಡಿ ಎತ್ತರದ ಬಿಲ, ಉದ್ದ 330 ಅಡಿಗೂ ಹೆಚ್ಚು. ಇದಕ್ಕೆ ಕೈದಿಗಳಿಟ್ಟ ಹೆಸರು ‘ಹ್ಯಾರಿ’.

ಮಣ್ಣು ಬರೀ ಸಡಿಲ ಮರಳು, ಮುಟ್ಟಿದರೆ ಕುಸಿಯುತ್ತಿತ್ತು. ನಾಲ್ಕೂ ಕಡೆ ಹಲಗೆ ಕೊಡಲು ಮಂಚದ ಅಡ್ಡಪಟ್ಟಿಗಳನ್ನೇ ಕಿತ್ತರು, ಸುಮಾರು 4,000. ಗಾಳಿಗೆ ರೆಡ್‌ಕ್ರಾಸ್ ಪೊಟ್ಟಣಗಳಲ್ಲಿ ಬರುತ್ತಿದ್ದ ಹಾಲಿನ ಪುಡಿಯ ಡಬ್ಬಿಗಳ ತಳ ಕತ್ತರಿಸಿ ಒಂದಕ್ಕೊಂದು ಜೋಡಿಸಿದ ಕೊಳವೆ, ಅದರ ತುದಿಯಲ್ಲಿ ಕಿಟ್‌ಬ್ಯಾಗ್‌ನ ತಿದಿ. ತಿದಿ ಒತ್ತುವವನು ಕೈಬಿಟ್ಟರೆ ಮುಂದೆ ಅಗೆಯುವವನಿಗೆ ಉಸಿರು ಕಟ್ಟುತ್ತಿತ್ತು.

ನಿಜವಾದ ತಲೆನೋವು ಮಾತ್ರ ಮೇಲೆ ತಂದ ಮರಳು. ಅಂಗಳದ ಮಣ್ಣು ಬೂದು, ಒಳಗಿನದು ಹಳದಿ. ಒಂದು ಹಿಡಿ ಚೆಲ್ಲಿದರೂ ಎದ್ದು ಕಾಣುವಂಥದ್ದು. ಉದ್ದನೆಯ ಒಳಉಡುಪಿನ ಕಾಲುಗಳಿಂದ ಚೀಲ ಹೊಲಿದು, ಬಾಯಿಗೆ ಪಿನ್ನು ಚುಚ್ಚಿ, ಪ್ಯಾಂಟಿನೊಳಗೆ ಇಳಿಬಿಟ್ಟರು. ಜೇಬಿನಿಂದ ದಾರ ಎಳೆದರೆ ಪಿನ್ನು ಕಳಚಿ ಮರಳು ಕಾಲಬುಡಕ್ಕೆ; ಕೂಡಲೇ ಕಾಲಿನಿಂದ ಕೆದಕಿ ಬೆರೆಸಿಬಿಡುವುದು. ಹೊತ್ತು ನಡೆಯುವವರ ಓಲಾಟಕ್ಕೆ ‘ಪೆಂಗ್ವಿನ್’ ಎಂದು ಹೆಸರು ಬಿತ್ತು. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಈ ಉಪಾಯವೂ ಕೆಟ್ಟಿತು. ಬಿಳಿಯ ಮೇಲೆ ಹಳದಿ ಮುಚ್ಚಿಡುವುದು ಹೇಗೆ? ಆಗ ನೆರವಾದದ್ದು ಕೈದಿಗಳ ನಾಟಕಶಾಲೆ: ಪ್ರೇಕ್ಷಕರ ಸೀಟುಗಳ ಕೆಳಗಿನ ಟೊಳ್ಳು ಜಾಗಕ್ಕೆ ಸುರಿದರು. ಜೇಮ್ಸ್ ದುಡಿದದ್ದು ಈ ಮರಳು ಬಚ್ಚಿಡುವ ಕೆಲಸದಲ್ಲೇ.

ಪ್ರಶ್ನೆ: ಈ ಸುರಂಗದಿಂದ 200 ಜನ ತಪ್ಪಿಸಿಕೊಂಡು ಹೋಗಬೇಕಿತ್ತು, 76 ಜನರಷ್ಟೇ ಹೋದದ್ದೇಕೆ? (ಶಿವಮೊಗ್ಗದ ಓದುಗರು)

ಉತ್ತರ: 1944ರ ಮಾರ್ಚ್ 24ರ ರಾತ್ರಿ ಮೊದಲು ಹೊರಬಾಯಿಯ ಹಲಗೆಯೇ ಹಿಮಗಟ್ಟಿ ಅಲುಗಾಡಲಿಲ್ಲ. ತೆಗೆದು ನೋಡಿದರೆ ಬಾಯಿ ಮರಗಳ ಮರೆಯೊಳಗಲ್ಲ, ಬಯಲಲ್ಲಿ, ಕಾವಲು ಗೋಪುರದ ಹತ್ತಿರ! ಅಳತೆ ತಪ್ಪಿತ್ತು. ಮರದ ಮರೆಯಲ್ಲೊಬ್ಬ ಅಡಗಿ ಹಗ್ಗ ಜಗ್ಗಿ ಸನ್ನೆ ಕೊಟ್ಟಾಗಷ್ಟೇ ಒಬ್ಬೊಬ್ಬರಾಗಿ ಹೊರಬರಬೇಕಾಯಿತು. ನಡುವೆ ವಿಮಾನ ದಾಳಿಯ ಎಚ್ಚರಿಕೆಗೆ ಕರೆಂಟು ಹೋಯಿತು, ಸುರಂಗವೂ ಕುಸಿಯಿತು. ಬೆಳಗಿನ ಜಾವ 5ರ ಸುಮಾರಿಗೆ 77ನೆಯವನು ಕಾವಲುಗಾರನ ಕಣ್ಣಿಗೆ ಬಿದ್ದ.

ಮೂವರು ಮಾತ್ರ ಪಾರಾದರು: ಇಬ್ಬರು ನಾರ್ವೆಯವರು, ಒಬ್ಬ ಡಚ್ಚರವನು. ಸಿಕ್ಕಿಬಿದ್ದ 73 ಜನರಲ್ಲಿ 50 ಮಂದಿಯನ್ನು ಹಿಟ್ಲರನ ಆಜ್ಞೆಯಂತೆ ಗುಂಡಿಟ್ಟು ಕೊಂದರು. ಜೇಮ್ಸ್ ಜೊತೆ ಹೊರಟಿದ್ದ ಗ್ರೀಕ್ ಪೈಲಟ್ ಸ್ಕಾಂಜಿಕಾಸ್ ಕೂಡ ಅವರಲ್ಲಿದ್ದರು. ಜೇಮ್ಸರನ್ನು ನಾತ್ಸಿಗಳ ಸಾಕ್ಸನ್‌ಹೌಸನ್ ಯಾತನಾ ಶಿಬಿರಕ್ಕೆ ಸಾಗಿಸಿದರು. ಅದೇ ಸೆಪ್ಟೆಂಬರಿನಲ್ಲಿ ಅಲ್ಲೂ ಸುರಂಗ ತೋಡಿ ಇನ್ನು ನಾಲ್ವರೊಂದಿಗೆ ಹೊರಬಿದ್ದು, ಮತ್ತೆ ಸಿಕ್ಕಿಬಿದ್ದರು.