ಮೊದಲು ಅರ್ಜಿ ಹಾಕಿ, ಗೃಹಪ್ರವೇಶ ಆಮೇಲೆ

ಟೆಕ್ಸಸ್‌ನಲ್ಲಿ ಎಚ್-4 ಮೇಲಿದ್ದೀರಿ, ಅಂದರೆ ಗಂಡನ ಎಚ್-1ಬಿ ಕೆಲಸದ ವೀಸಾ ನೆಚ್ಚಿಕೊಂಡ ಹೆಂಡತಿಯ ವೀಸಾ. ಕೆಲಸದ ಕಾರ್ಡು, ಅಂದರೆ ಇಎಡಿ, ಏಪ್ರಿಲ್‌ಗೆ ಮುಗಿಯುತ್ತೆ. ಫೆಬ್ರುವರಿಯಲ್ಲಿ ಮೈದುನನ ಮನೆ ಗೃಹಪ್ರವೇಶ, ಎರಡು ತಿಂಗಳು ಬಂದಿರು ಅಂತ ಅತ್ತೆ ಹೇಳ್ತಿದ್ದಾರೆ. ಬರೋಕಾಗಲ್ಲ ಅಂತ ಅವರ ಮನಸ್ಸು ನೋಯದ ಹಾಗೆ ಒಪ್ಪಿಸೋದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2019ರಲ್ಲಿ ನಾನು ನಿಂತಿದ್ದು ಇದೇ ಜಾಗದಲ್ಲಿ. ನಿಮಗೆ ಗೃಹಪ್ರವೇಶ, ನನಗೆ ನಾದಿನಿ ಮದುವೆ.

ನಾನು ಹಾಸನದ ಕಡೆಯವಳು. ಬಿ.ಕಾಂ. ಮುಗಿಸಿ, ಮದುವೆಯಾಗಿ, 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದೆ. ಆಗ ಎಚ್-4ನವರಿಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. 2015ರ ಮೇ 26ರಿಂದ, ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಹೆಂಡತಿಯೂ ಕಾರ್ಡಿಗೆ ಅರ್ಜಿ ಹಾಕಬಹುದು ಅಂತಾಯಿತು. ನನಗೆ 2016ರ ಸೆಪ್ಟೆಂಬರ್‌ನಲ್ಲಿ ಬಂತು, ಮೂರು ವರ್ಷಕ್ಕೆ. ಇಲ್ಲಿನ ಲೆಕ್ಕಪತ್ರದ ರೀತಿ ಕಲಿಯೋಣ ಅಂತ ಸ್ಯಾನ್ ಹೋಸೆ ಸಿಟಿ ಕಾಲೇಜಿನ ಸಂಜೆ ತರಗತಿಗೆ ಸೇರಿದೆ, ಯೂನಿಟ್‌ಗೆ 46 ಡಾಲರ್. ಪಕ್ಕದಲ್ಲಿ ಕೂರುತ್ತಿದ್ದವಳೇ ಮುಂದೆ ನನ್ನ ಗೆಳತಿಯಾದಳು. ಅವಳ ಕಥೆ ಹೇಳದೆ ನನ್ನ ತಪ್ಪು ನಿಮಗೆ ಅರ್ಥವಾಗಲ್ಲ.

ಅವಳು ಮೆಕ್ಸಿಕೋದ ಮಿಚೊವಾಕಾನ್‌ನವಳು. ಏಳನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಕಾಗದಪತ್ರ ಇಲ್ಲದೆ ಬಂದವಳು. ಮನೆ ಈಸ್ಟ್ ಸ್ಯಾನ್ ಹೋಸೆಯಲ್ಲಿ, ಸ್ಟೋರಿ ರೋಡು ಕಿಂಗ್ ರೋಡು ಸೇರುವ ಕಡೆ. 2012ರ ಜೂನ್ 15ರಂದು ಒಬಾಮಾ ಸರ್ಕಾರ ಘೋಷಿಸಿದ ಡಾಕಾ ಅನ್ನೋ ವ್ಯವಸ್ಥೆಯಿಂದ ಅವಳಿಗೆ ಕೆಲಸದ ಕಾರ್ಡು ಸಿಕ್ಕಿತ್ತು. ಹದಿನಾರು ತುಂಬುವ ಮೊದಲೇ ಬಂದ ಮಕ್ಕಳಿಗೆ ಅಂತ ಮಾಡಿದ್ದು, ಒಂದು ಸಲಕ್ಕೆ ಎರಡೇ ವರ್ಷ. ದಂತವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಲೆಕ್ಕ ಬರೆಯುತ್ತಿದ್ದಳು. ಹಿರಿಮಗಳು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಮಾತಾಡಬೇಕಾದವಳೂ ಅವಳೇ, ಅಜ್ಜಿಗೆ ಮಿಚೊವಾಕಾನ್‌ಗೆ ದುಡ್ಡು ಕಳಿಸಬೇಕಾದವಳೂ ಅವಳೇ. ಅವರಲ್ಲಿ ಒಂದು ಮಾತಿದೆ, 'ಸಲೀರ್ ದೆ ಬ್ಲಾಂಕೊ'. ಬಿಳಿ ಉಡುಪಲ್ಲಿ ಹೊರಡೋದು. ಹೆಣ್ಣುಮಗಳು ಅಪ್ಪನ ಮನೆಯ ಹೊಸಿಲು ದಾಟಬೇಕಾದರೆ ಮದುವೆಯ ಬಿಳಿ ಗೌನಿನಲ್ಲೇ ದಾಟಬೇಕು. ಅವಳು ಇದನ್ನು ಹೇಳಿದಾಗ ನಾನು, "ನಮ್ಮಲ್ಲೂ ಧಾರೆ ಎರೆದೇ ಕಳಿಸೋದು" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

2017ರ ಸೆಪ್ಟೆಂಬರ್ 5ರಂದು ಟ್ರಂಪ್ ಸರ್ಕಾರ ಡಾಕಾ ನಿಲ್ಲಿಸ್ತೀವಿ ಅಂತು. 2018ರ ಮಾರ್ಚ್ 5ರೊಳಗೆ ಕಾರ್ಡು ಮುಗಿಯುವವರು ಮಾತ್ರ ಕೊನೆಯ ಸಲ ನವೀಕರಿಸಬಹುದು, ಅದೂ ಅಕ್ಟೋಬರ್ 5ರೊಳಗೆ. ಅಷ್ಟರಲ್ಲಿ ಅಂಚೆಗೆ ಹಾಕಿದರೆ ಸಾಲದು, ಅರ್ಜಿ ತಲುಪಿರಬೇಕು. ಅವಳದು ಜನವರಿಗೆ ಮುಗಿಯುವುದಿತ್ತು. ಶುಲ್ಕ 495 ಡಾಲರ್. ಸರಿಯಾಗಿ ಅದೇ ತಿಂಗಳು ಅವಳ ಅಪ್ಪ ತಂಗಿಯ ಕಿನ್ಸೆಅನ್ಯೇರಾಗೆ ಹಾಲ್ ಹಿಡಿಯಲು ದುಡ್ಡು ಕೇಳಿದರು. ಹುಡುಗಿಗೆ ಹದಿನೈದು ತುಂಬಿದಾಗ ಮಾಡುವ ದೊಡ್ಡ ಸಮಾರಂಭ ಅದು. ಚರ್ಚಿನಲ್ಲಿ ಪೂಜೆ, ಅರಮನೆಯ ರಾಜಕುಮಾರಿಯಂಥ ಗೌನು, ಊಟ, ಕುಣಿತ. ಕೇಕಿಗೊಬ್ಬ ನೆಂಟ, ಸಂಗೀತಕ್ಕೊಬ್ಬ ನೆಂಟ ಅಂತ ಬಳಗವೆಲ್ಲ ಖರ್ಚು ಹಂಚಿಕೊಳ್ಳುತ್ತೆ. ಹಿರಿಯಕ್ಕ ಹಿಂದೆ ಸರಿಯೋದು ಅಂದರೆ ಮನೆ ಮಾನ ಹೋದ ಹಾಗೆ.

ಅವಳು ಒಪ್ಪಿಗೆ ಕೇಳಲಿಲ್ಲ. ಊಟದ ಮೇಜಿನ ಹತ್ತಿರ, "ಪಪಾ, ಕಾರ್ಡಿನ ದುಡ್ಡು ಮೊದಲು ತೆಗೀತೀನಿ, ಉಳಿದಿದ್ದು ಹಾಲಿಗೆ" ಅಂದಳಂತೆ. ಅಪ್ಪ ತಟ್ಟೆ ಬಿಟ್ಟು ಎದ್ದರಂತೆ. ಮಾರನೇ ದಿನ ಮನಿ ಆರ್ಡರ್ ಮಾಡಿಸಲು ಅವಳ ಜೊತೆ ಪೋಸ್ಟ್ ಆಫೀಸಿಗೆ ನಾನೇ ಹೋಗಿದ್ದೆ. ಕೈ ನಡುಗುತ್ತಿತ್ತು, ಆದರೂ ಲಕೋಟೆ ಮೇಲಿನ ವಿಳಾಸವನ್ನು ಮೂರು ಸಲ ಓದಿ ನೋಡಿದಳು. ಮರುವರ್ಷ ಅವಳು ಬಾಡಿಗೆ ಕೋಣೆ ಮಾಡಿಕೊಂಡು ಮನೆ ಬಿಟ್ಟಾಗ ಜೀನ್ಸ್ ಪ್ಯಾಂಟಿನಲ್ಲೇ ಹೊರಟಿದ್ದು, ಬಟ್ಟೆಯೆಲ್ಲ ಕಪ್ಪು ಕಸದ ಚೀಲಗಳಲ್ಲಿ. ಅಮ್ಮ ಪರದೆ ಹಿಂದೆ ನಿಂತಿದ್ದರು. ಅಪ್ಪ ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳ ಜೊತೆ ಮಾತಾಡಲಿಲ್ಲ. ಕ್ರಿಸ್‌ಮಸ್‌ಗೆ ಅಮ್ಮ ತಮ್ಮನ ಕೈಲಿ ತಮಾಲೆ ಅನ್ನೋ ಜೋಳದ ಹಿಟ್ಟಿನ ತಿಂಡಿ ಕಳಿಸಿದ್ದರು, ಅವಳು ನನಗೂ ನಾಲ್ಕು ಕೊಟ್ಟಳು.

ಇಷ್ಟನ್ನೂ ಕಣ್ಣಾರೆ ಕಂಡವಳು ನಾನು. ಆದರೂ ತಪ್ಪಿದೆ.

ಹೇಗೆ ತಪ್ಪಿದೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊರಗಿನಿಂದ ನೋಡಿದವರಿಗೆ ಇದು ತಪ್ಪು ಅಂತಲೇ ಕಾಣಲ್ಲ. ಗಂಡನ ಎಚ್-1ಬಿ, ನನ್ನ ಎಚ್-4, ನನ್ನ ಕಾರ್ಡು, ಮೂರೂ 2019ರ ಸೆಪ್ಟೆಂಬರ್‌ಗೆ ಮುಗಿಯುತ್ತಿದ್ದವು. ನವೀಕರಣಕ್ಕೆ ಆರು ತಿಂಗಳು ಮುಂಚೆಯೇ, ಅಂದರೆ ಮಾರ್ಚ್‌ನಲ್ಲೇ, ಅರ್ಜಿ ಹಾಕಬಹುದಿತ್ತು. ವಕೀಲರು ಮಾರ್ಚ್‌ನಲ್ಲಿ ಕರೆ ಮಾಡಿ, "ಈಗ ಹಾಕಿದರೆ ತೀರ್ಮಾನ ಆಗುವವರೆಗೆ ನೀವು ದೇಶ ಬಿಟ್ಟು ಹೋಗಬೇಡಿ" ಅಂದರು. ನಾದಿನಿ ಮದುವೆ ಮೇ ತಿಂಗಳಲ್ಲಿ. ನಾನು ಆ ಕ್ಷಣದಲ್ಲೇ, ಯಾರನ್ನೂ ಕೇಳದೆ, "ಹಾಗಾದ್ರೆ ವಾಪಸ್ ಬಂದಮೇಲೆ ಹಾಕೋಣ" ಅಂದುಬಿಟ್ಟೆ. ಗಂಡ, "ನಿನ್ನಿಷ್ಟ" ಅಂದರು. ಮೂರು ವಾರಕ್ಕೆ ಅಂತ ಹೋದವಳಿಗೆ ಅತ್ತೆ, "ಹಿರಿಸೊಸೆ, ಬೀಗರೂಟ ಮುಗಿಸಿ ಹೋಗು" ಅಂದರು. ಬೀಗರೂಟ ಆಯಿತು. "ಆಷಾಢಕ್ಕೆ ಮಗಳು ಬರ್ತಾಳೆ, ಅವಳನ್ನ ಕರ್ಕೊಂಡು ಬರೋ ತನಕ ಇರಮ್ಮ" ಅಂದರು. ಇದ್ದೆ. ವಾಪಸ್ ಬಂದಿದ್ದು ಜುಲೈ ಮಧ್ಯದಲ್ಲಿ, ಅರ್ಜಿ ಹೋಗಿದ್ದು ತಿಂಗಳ ಕೊನೆಯಲ್ಲಿ.

ಅಷ್ಟರಲ್ಲಿ ಲೆಕ್ಕವೇ ಬದಲಾಗಿತ್ತು. ಮೊದಲೆಲ್ಲ ಗಂಡನ ಅರ್ಜಿಯನ್ನು ಪ್ರೀಮಿಯಂನಲ್ಲಿ, ಅಂದರೆ ಬೇಗ ತೀರ್ಮಾನವಾಗಲಿ ಅಂತ ಹೆಚ್ಚು ಶುಲ್ಕ ಕಟ್ಟಿ, ಹಾಕಿದರೆ ಹೆಂಡತಿಯದೂ ಅದರ ಜೊತೆಗೇ ಬೇಗ ಮುಗಿಯುತ್ತಿತ್ತು. 2019ರ ಮಾರ್ಚ್‌ನಿಂದ ಎಚ್-4ನವರೂ ಬೆರಳಚ್ಚು ಕೊಡಬೇಕು ಅಂತಾಗಿ ಆ ದಾರಿ ಮುಚ್ಚಿತು. ಹಳೆ ಕಾರ್ಡು ಮುಗಿದ ಮೇಲೂ ಅರ್ಜಿಯ ರಸೀದಿ ಇಟ್ಟುಕೊಂಡು ಕೆಲಸ ಮುಂದುವರಿಸುವ ಸೌಲಭ್ಯ ಆಗ ಎಚ್-4ನವರಿಗೆ ಇರಲೂ ಇಲ್ಲ. ಸೆಪ್ಟೆಂಬರ್‌ನ ಒಂದು ಶುಕ್ರವಾರ, ನಾನು ಕೆಲಸ ಮಾಡುತ್ತಿದ್ದ ಕಂಪನಿಗೆ ಬೀಗದ ಕೈ, ಲ್ಯಾಪ್‌ಟಾಪ್ ಕೊಟ್ಟು ಬಂದೆ. ಕಂಪನಿಯವರು ಒಂದು ತಿಂಗಳು ಕಾದು ಬೇರೆಯವರನ್ನು ತಗೊಂಡರು. ಹೊಸ ಕಾರ್ಡು ಬಂದಿದ್ದು 2020ರ ಮಾರ್ಚ್‌ನಲ್ಲಿ. ಅದೇ ವಾರ, 17ನೇ ತಾರೀಖು, ಕೊರೊನಾ ಅಂತ ನಮ್ಮ ಜಿಲ್ಲೆ, ಸ್ಯಾಂಟಾ ಕ್ಲಾರಾ ಕೌಂಟಿ, ಪೂರ್ತಿ ಬಾಗಿಲು ಹಾಕಿತು. ಮತ್ತೆ ಕೆಲಸ ಸಿಗಲು ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು.

ಇಷ್ಟಾದ ಮೇಲೆ ಒಂದು ದಿನ ಫೋನಿನಲ್ಲಿ ಅತ್ತೆಯ ಹತ್ತಿರ ಅತ್ತುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಮ್ಮ, ಕೆಲಸ ಹೋಗುತ್ತೆ ಅಂತ ನೀನು ನಂಗೆ ಯಾವತ್ತು ಹೇಳ್ದೆ?" ಅಂದರು. ಹೇಳಿರಲಿಲ್ಲ. ಮದುವೆ ಮನೆಯಲ್ಲಿ ನನ್ನ ಕೆಲಸದ ಮಾತೆತ್ತಿದರೆ ಸ್ವಾರ್ಥಿ ಅಂದುಕೊಳ್ಳುತ್ತಾರೆ ಅಂತ ನಾನೇ ಹೆದರಿ, ಅವರ ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೆ. ಹೇಳಿದ್ದರೆ ಅವರು ಬೈಯುತ್ತಿದ್ದರೋ ಏನೋ. ನನ್ನ ಗೆಳತಿಗೂ ಅವಳ ಅಪ್ಪ ಬೈದಿದ್ದರು. ಆದರೆ ಅವಳ ಕಾರ್ಡು ಉಳಿಯಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಒಪ್ಪಿಸೋದು ಯಾಕೆ? ಒಪ್ಪಿಸಲು ಹೊರಟರೆ "ಇಲ್ಲ" ಅನ್ನುವ ಅಧಿಕಾರವನ್ನು ಅವರ ಕೈಗೆ ಕೊಟ್ಟ ಹಾಗೆ. ನಿಮ್ಮ ಗಂಡ ತುಂಬ ಒಳ್ಳೆಯವರು ಅಂತ ಬರೆದಿದ್ದೀರಿ. ನನ್ನವರೂ ಒಳ್ಳೆಯವರೇ, ಒಂದು ದಿನವೂ ಬೇಡ ಅಂದವರಲ್ಲ. ಆದರೆ ಒಳ್ಳೆಯತನ ನಿಮ್ಮ ಕಾರ್ಡಿನ ತಾರೀಖು ನೆನಪಿಟ್ಟುಕೊಳ್ಳಲ್ಲ. ವಕೀಲರು ಕಳಿಸುವ ಪ್ರತಿ ಮೇಲ್ ನಿಮ್ಮ ಹೆಸರಿಗೂ ಬರಬೇಕು ಅಂತ ಇವತ್ತೇ ಬರೆಯಿರಿ. ದೇಶದೊಳಗೆ ಬಂದ ದಾಖಲೆಯಾದ ಐ-94, ಮಂಜೂರಾತಿ ಪತ್ರಗಳು, ಕಾರ್ಡಿನ ಎರಡೂ ಬದಿಯ ಪ್ರತಿ ನಿಮ್ಮದೇ ಒಂದು ಫೈಲಿನಲ್ಲಿ, ನಿಮ್ಮದೇ ಕೈಗೆ ಸಿಗುವ ಜಾಗದಲ್ಲಿರಲಿ. ಸಂಬಳ ಬೀಳಲು ನಿಮ್ಮ ಒಬ್ಬರ ಹೆಸರಿನ ಖಾತೆ ಇರಲಿ. ರಸೀದಿ ಮೇಲೆ ಕೆಲಸ ಮುಂದುವರಿಸಬಹುದು ಅಂತ ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. 2021ರ ನವೆಂಬರ್‌ನಲ್ಲಿ ಎಚ್-4ನವರಿಗೂ ಸಿಕ್ಕಿದ್ದ ಆ ಅನುಕೂಲವನ್ನು 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಮತ್ತೆ ತೆಗೆದುಹಾಕಿದ್ದಾರೆ. ನೀವು ಈಗ ನಿಂತಿರುವುದು ನನ್ನ 2019ರಲ್ಲೇ.

ಈ ವಾರವೇ ಅರ್ಜಿ ಹಾಕಿ. ಆಮೇಲೆ ಅತ್ತೆಗೆ ನೀವೇ ಫೋನ್ ಮಾಡಿ, ಗಂಡನ ಕೈಲಿ ಹೇಳಿಸಬೇಡಿ. "ಅತ್ತೆ, ಏಪ್ರಿಲ್‌ಗೆ ನನ್ನ ಕಾರ್ಡು ಮುಗಿಯುತ್ತೆ, ಅರ್ಜಿ ಹಾಕಿದ್ದೀನಿ, ಅದು ಬರೋ ತನಕ ಬರೋಕಾಗಲ್ಲ" ಅನ್ನಿ, ತಾರೀಖು ಹೇಳಿ. ಊರಲ್ಲಿ ಅವರು ಆರಕ್ಕೆಲ್ಲ ಎದ್ದು ಕಾಫಿ ಕುಡೀತಿರ್ತಾರೆ, ನಿಮಗದು ಹಿಂದಿನ ಸಂಜೆ ಆರೂವರೆ. ಗಂಡ ಆಫೀಸಿಂದ ಬರೋದಕ್ಕೆ ಕಾಯಬೇಡಿ.