ಗೋಡೆ ಒಡೆದ ಮೇಲೆ ಬರುವ ಖರ್ಚಿಗೆ ಎಷ್ಟು ಹಣ ಎತ್ತಿಡಬೇಕು?

ಪ್ರಶ್ನೆ: ನಮ್ಮ ಮನೆ ಕಟ್ಟಿ 35 ವರ್ಷ ಆಗಿದೆ. ಬಚ್ಚಲುಮನೆ, ಅಡುಗೆಮನೆ ಎರಡನ್ನೂ ಹೊಸದಾಗಿ ಮಾಡಿಸಬೇಕು. ವೈರಿಂಗ್ ಬದಲಿಸಬೇಕು. ಕೊನೆಗೆ ಇಡೀ ಮನೆಗೆ ಬಣ್ಣ ಮತ್ತು ಸ್ವಲ್ಪ ಮರಗೆಲಸ. ಗುತ್ತಿಗೆದಾರರು ಎಸ್ಟಿಮೇಟ್ ಕೊಟ್ಟಿದ್ದಾರೆ. ಅದರ ಮೇಲೆ ಶೇ 10ರಷ್ಟು ಇಟ್ಟುಕೊಂಡರೆ ಸಾಕು ಎಂದು ಗೆಳೆಯರು ಹೇಳುತ್ತಾರೆ. ಆದರೆ ನೆಂಟರೊಬ್ಬರಿಗೆ ಖರ್ಚು ಒಂದೂವರೆ ಪಟ್ಟು ಆಯಿತಂತೆ. ನಾವು ಎಷ್ಟು ಇಟ್ಟುಕೊಳ್ಳಬೇಕು?

ಉತ್ತರ: ಹೊಸ ಮನೆಗೆ, ಬರೀ ಮೇಲ್ಮೇಲಿನ ಕೆಲಸಕ್ಕೆ ಶೇ 10 ಸಾಕಾಗುತ್ತದೆ. ನಿಮ್ಮ ಮನೆಗೆ ಸಾಲದು. ಹಳೆ ಮನೆಯಲ್ಲಿ ಪೈಪು, ವೈರು ಮುಟ್ಟುವ ಕೆಲಸಕ್ಕೆ ಸಾಮಾನ್ಯವಾಗಿ ಶೇ 15ರಿಂದ 20 ಎತ್ತಿಡಿ ಎಂದು ಹೇಳುತ್ತೇವೆ. ಆದರೆ ಒಟ್ಟು ಮೊತ್ತದ ಮೇಲೆ ಸುಮ್ನೆ ಒಂದು ಶೇಕಡಾವಾರು ಹಾಕಿ ಕೂರುವುದು ನನಗೆ ಇಷ್ಟವಿಲ್ಲ. ಬಣ್ಣ ಬಳಿಯುವಾಗ ಎದುರಾಗುವ ಅಪಾಯವೂ ಬಚ್ಚಲುಮನೆ ನೆಲ ಒಡೆಯುವಾಗ ಎದುರಾಗುವ ಅಪಾಯವೂ ಒಂದೇ ಅಲ್ಲ.

ಒಟ್ಟು ಎಸ್ಟಿಮೇಟನ್ನು 100 ಎಂದುಕೊಳ್ಳಿ. ಬಚ್ಚಲುಮನೆಗೆ 30, ಅಡುಗೆಮನೆಗೆ 30, ವೈರಿಂಗಿಗೆ 15, ಬಣ್ಣ ಮತ್ತು ಮರಗೆಲಸಕ್ಕೆ 25 ಎಂದಿಟ್ಟುಕೊಳ್ಳೋಣ. ಬಚ್ಚಲುಮನೆಗೆ ಶೇ 25 ಮೀಸಲಿಟ್ಟರೆ 7.5 ಆಯಿತು. ಅಡುಗೆಮನೆಗೆ ಶೇ 15 ಅಂದರೆ 4.5. ವೈರಿಂಗಿಗೆ ಶೇ 20 ಅಂದರೆ 3. ಬಣ್ಣ, ಮರಗೆಲಸಕ್ಕೆ ಶೇ 5 ಸಾಕು, ಅದು 1.25. ಎಲ್ಲ ಕೂಡಿದರೆ 16 ಚಿಲ್ಲರೆ. ಹೀಗೆ ಲೆಕ್ಕ ಹಾಕಿದಾಗ ದುಡ್ಡು ಯಾವ ಭಯಕ್ಕೆ ಇಟ್ಟಿದ್ದು ಎಂಬುದು ನಿಮಗೆ ಗೊತ್ತಿರುತ್ತದೆ. ಬಚ್ಚಲುಮನೆ ಕೆಲಸ ತೊಂದರೆ ಇಲ್ಲದೆ ಮುಗಿದರೆ ಅದರ ಪಾಲು ಅಷ್ಟರಮಟ್ಟಿಗೆ ಉಳಿಯಿತು ಎಂದೂ ಗೊತ್ತಾಗುತ್ತದೆ.

ಬಚ್ಚಲುಮನೆಗೇ ಯಾಕೆ ಅಷ್ಟು ಜಾಸ್ತಿ? ಹಳೆ ಮನೆಗಳಲ್ಲಿ ನೀರಿನ ಪೈಪು ಹೆಚ್ಚಾಗಿ ಸತು ಲೇಪಿಸಿದ ಕಬ್ಬಿಣದ್ದು. ಹೊರಗೆ ನೋಡಿದರೆ ಗಟ್ಟಿಮುಟ್ಟಾಗಿರುತ್ತದೆ. ಒಳಗೆ ವರ್ಷಗಟ್ಟಲೆ ತುಕ್ಕು ಕಟ್ಟಿ ತೂತು ಕಿರಿದಾಗುತ್ತಾ ಬಂದಿರುತ್ತದೆ. ಒಂದು ತುಂಡು ಕತ್ತರಿಸಿ ಬೆಳಕಿಗೆ ಹಿಡಿದು ನೋಡಿ, ಹೆಬ್ಬೆರಳು ಹೋಗಬೇಕಾದ ಕಡೆ ಪೆನ್ಸಿಲ್ ತೂರುವಷ್ಟೇ ಜಾಗ ಇರಬಹುದು. ಪ್ಲಂಬರ್ ಒಂದು ಜಾಯಿಂಟ್ ತಿರುಗಿಸಿದರೆ ಮುಂದಿನ ಜಾಯಿಂಟ್ ಸೀಳುತ್ತದೆ. ಅದನ್ನು ಹಿಡಿದರೆ ಅದರ ಮುಂದಿನದು. ಕೊನೆಗೆ ಗೋಡೆಯುದ್ದಕ್ಕೂ ಬದಲಿಸುವುದೇ ಗತಿ.

ಇನ್ನು ಬಚ್ಚಲಿನ ಕೆಳಗಿನ ಸ್ಲ್ಯಾಬ್. ನೀರು ಇಳಿದಿಳಿದು ಒಳಗಿನ ಸರಳಿಗೆ ತುಕ್ಕು ಹಿಡಿದಿದ್ದರೆ ಅದು ದುಬಾರಿ ಕೆಲಸ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಅದು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳುತ್ತದೆ. ಸರಳು ಹೋದ ದಾರಿಯಲ್ಲೇ ಉದ್ದುದ್ದ ಬಿರುಕು ಕಾಣುತ್ತದೆ, ಆಮೇಲೆ ಚಕ್ಕೆ ಉದುರುತ್ತದೆ. ಅದರ ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ.

ಇದರಲ್ಲಿ ಎಷ್ಟೋ ಸಂಗತಿಯನ್ನು ಕೆಲಸ ಶುರು ಮಾಡುವ ಮೊದಲೇ ಕಂಡುಹಿಡಿಯಬಹುದು. ಜನ ಇದನ್ನು ಮಾಡುವುದಿಲ್ಲ ಎಂಬುದೇ ನನಗೆ ಬೇಸರ. ಮನೆಯ ಎಲ್ಲ ನಲ್ಲಿ ಮುಚ್ಚಿ ಒಂದೆರಡು ಗಂಟೆ ನೀರಿನ ಮೀಟರ್ ನೋಡಿ. ಮುಳ್ಳು ಸರಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಟೈಲ್ಸ್ ಮೇಲೆ ನಾಣ್ಯದಿಂದ ಮೆಲ್ಲಗೆ ಕುಟ್ಟಿ. ಟೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿದೆ. ತೇವದ ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಗೋಡೆ ಕಡೆಗೆ ಹನಿ ಕಟ್ಟಿದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯ ತೇವ, ಅದಕ್ಕೆ ಗೋಡೆ ಒಡೆಯುವ ಅಗತ್ಯವೇ ಇಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮೇನ್ ಆಫ್ ಮಾಡಿಸಿ ಒಂದೆರಡು ಸ್ವಿಚ್ ಬೋರ್ಡ್ ಬಿಚ್ಚಿಸಿ. ವೈರಿನ ಹೊದಿಕೆ ಬಗ್ಗಿಸಿದರೆ ಪುಡಿಯಾಗುತ್ತಿದೆಯಾ, ಅರ್ತ್ ವೈರ್ ಇದೆಯಾ ಇಲ್ಲವಾ ಎಂಬುದು ಆಗಲೇ ಗೊತ್ತಾಗುತ್ತದೆ. ಬಚ್ಚಲಿನ ಮೂಲೆಯಲ್ಲಿ ನಾಲ್ಕು ಟೈಲ್ಸ್ ಎಬ್ಬಿಸಿ ನೋಡಿದರೆ ಇನ್ನೂ ಒಳ್ಳೆಯದು. ಹೇಗಿದ್ದರೂ ಒಡೆಯಲಿರುವ ಟೈಲ್ಸ್ ಅಲ್ವಾ. ಇಷ್ಟು ಮಾಡಿ ಆಮೇಲೆ ಎಸ್ಟಿಮೇಟ್ ತೆಗೆದುಕೊಂಡರೆ ಅದು ನಿಜಕ್ಕೆ ಹತ್ತಿರ ಇರುತ್ತದೆ.

ಒಂದು ಎಚ್ಚರಿಕೆ. ಹಳೆ ಶೀಟು, ಪೈಪು, ಒಳಛಾವಣಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಅನುಮಾನ ಇದ್ದರೆ ಕತ್ತರಿಸಬೇಡಿ, ಕೊರೆಯಬೇಡಿ. ಅದರ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಪರೀಕ್ಷೆ ಮಾಡಿಸಿ, ತರಬೇತಿ ಇರುವವರಿಂದಲೇ ತೆಗೆಸಿ. ಆ ಖರ್ಚನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನಿಮ್ಮ ನೆಂಟರ ಖರ್ಚು ಒಂದೂವರೆ ಪಟ್ಟು ಆಗಿದ್ದು ಪೂರ್ತಿ ಗೋಡೆಯೊಳಗಿನ ತೊಂದರೆಯಿಂದ ಇರಲಿಕ್ಕಿಲ್ಲ. ಅನಿರೀಕ್ಷಿತ ಎಂದು ಜನ ಹೇಳುವುದರಲ್ಲಿ ಬಹುಪಾಲು ಎಸ್ಟಿಮೇಟಿನಲ್ಲಿ ಬರೆಯಲು ಮರೆತದ್ದು. ಒಡೆದ ಅವಶೇಷ ಸಾಗಿಸುವುದು, ವೈರಿಗಾಗಿ ಕೊರೆದ ಗೋಡೆಗೆ ಮತ್ತೆ ಗಾರೆ, ಕತ್ತರಿಸುವಾಗ ಹಾಳಾಗುವ ಟೈಲ್ಸ್ (ನೇರ ಜೋಡಣೆಗೆ ಶೇ 10, ಓರೆ ಜೋಡಣೆಗೆ ಶೇ 15 ಹೆಚ್ಚು ತರಬೇಕು), ಕೆಲಸ ಮುಗಿಯುವ ತನಕ ಬೇರೆ ಕಡೆ ಇರುವುದಾದರೆ ಆ ಬಾಡಿಗೆ. ಇವೆಲ್ಲ ಖಂಡಿತ ಬರುವ ಖರ್ಚು. ಮೀಸಲಿನಿಂದ ತೆಗೆಯಬೇಡಿ, ಮುಖ್ಯ ಬಜೆಟ್ಟಿಗೇ ಸೇರಿಸಿ. ನಲ್ಲಿ, ಟೈಲ್ಸ್, ಸಿಂಕ್ ಇವುಗಳಿಗೆ ಎಸ್ಟಿಮೇಟಿನಲ್ಲಿ ಒಂದು ಅಂದಾಜು ಮೊತ್ತ ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ತೀರಾ ಸಾಧಾರಣ ಮಾಲಿನ ಬೆಲೆ. ಸಹಿ ಹಾಕುವ ಮೊದಲು ನಿಮಗೆ ಬೇಕಾದ್ದನ್ನು ಆರಿಸಿ, ಅದರ ಬೆಲೆಯನ್ನೇ ಬರೆಸಿ.

ಕೊನೆಯದಾಗಿ, "ಹೇಗೂ ಕೆಲಸ ನಡೀತಿದೆಯಲ್ಲ, ಇದನ್ನೂ ಮಾಡಿಸಿಬಿಡೋಣ" ಎಂಬ ಮಾತು. ಮೀಸಲು ಹಣವನ್ನು ಇದರಷ್ಟು ಬೇಗ ತಿಂದು ಮುಗಿಸುವುದು ಬೇರೊಂದಿಲ್ಲ. ಆಸೆ ಪಡುವುದು ತಪ್ಪೇನಲ್ಲ. ಅದಕ್ಕೆ ಬೇರೆಯೇ ಒಂದು ಮೊತ್ತ ಇಡಿ. ಮೀಸಲನ್ನು ಬೇರೆ ಖಾತೆಯಲ್ಲಿ ಹಾಕಿ, ಅದು ಇದೆ ಎಂದು ಗುತ್ತಿಗೆದಾರರಿಗೆ ಹೇಳಬೇಡಿ. ಒಡೆಯುವ ಕೆಲಸ ಮುಗಿದು, ಪೈಪು, ವೈರು, ವಾಟರ್‌ಪ್ರೂಫಿಂಗ್ ಮೂರರ ಪರೀಕ್ಷೆಯೂ ಆದ ಮೇಲೆ ದೊಡ್ಡ ಅಪಾಯ ಕಳೆದಂತೆ. ಆಗ ಉಳಿದದ್ದರಲ್ಲಿ ಮುಕ್ಕಾಲು ಪಾಲನ್ನು ಇಷ್ಟ ಬಂದಂತೆ ಖರ್ಚು ಮಾಡಿ.

ಪ್ರಶ್ನೆ: ಕೆಲಸ ಅರ್ಧ ಆಗಿದೆ. ಟೈಲ್ಸ್ ಎಬ್ಬಿಸಿದ ಮೇಲೆ "ಒಳಗೆ ಎಲ್ಲ ಹಾಳಾಗಿದೆ" ಎಂದು ಹೇಳಿ ಹೆಚ್ಚುವರಿ ಹಣ ಕೇಳುತ್ತಿದ್ದಾರೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ಉತ್ತರ: ಮೊದಲು ಆ ಭಾಗದ ಕೆಲಸ ನಿಲ್ಲಿಸಿ, ನೀವೇ ಹೋಗಿ ನೋಡಿ. ಫೋಟೊ ತೆಗೆಯಿರಿ. ಕತ್ತರಿಸಿದ ಪೈಪಿನ ತುಂಡನ್ನು ಕೈಗೆ ಕೇಳಿ. ಗೋಡೆಯೊಳಗೆ ಏನಿದೆ ಎಂದು ಅವರಿಗೂ ಮೊದಲು ಕಾಣುವುದಿಲ್ಲ, ಹಾಗಾಗಿ ಕೇಳಿದ ಕೂಡಲೇ ಮೋಸ ಎಂದುಕೊಳ್ಳಬೇಡಿ. ಆದರೆ ಬಾಯಿಮಾತಿಗೆ ಒಪ್ಪಲೂ ಬೇಡಿ. ಏನು ಕೆಲಸ, ಯಾಕೆ ಬೇಕು, ಸಾಮಾನಿಗೆ ಎಷ್ಟು, ಕೂಲಿ ಎಷ್ಟು, ಎಷ್ಟು ದಿನ ತಡ ಆಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಪೂರ್ತಿ ಬದಲಿಸಿದರೆ ಎಷ್ಟು, ಹಾಳಾದಷ್ಟನ್ನೇ ಬದಲಿಸಿದರೆ ಎಷ್ಟು ಎಂದು ಎರಡೂ ಲೆಕ್ಕ ಕೇಳಿ. ಕಂಬ, ತೊಲೆ, ಸ್ಲ್ಯಾಬಿನ ಮಾತಾದರೆ ಈ ಕೆಲಸದಿಂದ ಲಾಭ ಇಲ್ಲದ ಬೇರೆ ಎಂಜಿನಿಯರ್ ಒಬ್ಬರಿಗೆ ತೋರಿಸಿ.

ದುಡ್ಡು ಕೊಟ್ಟು ಸರಿಮಾಡಿಸಿದ್ದನ್ನು ಮುಚ್ಚುವ ಮೊದಲು ಪರೀಕ್ಷೆ ಆಗಲೇಬೇಕು. ಪೈಪಿಗೆ ಪ್ರೆಶರ್ ಟೆಸ್ಟ್, ಅಂದರೆ ಒತ್ತಡದಲ್ಲಿ ನೀರು ತುಂಬಿಸಿ ಸೋರಿಕೆ ನೋಡುವ ಪರೀಕ್ಷೆ, ಮಾಡಿಸಿ. ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೊರಹೋಗುವ ತೂತು ಮುಚ್ಚಿ ನೀರು ಕಟ್ಟಿ ಕಡಿಮೆಯೆಂದರೂ 24 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಕೆಳಗಿನ ಛಾವಣಿಯನ್ನೂ ನೋಡಿ.

ಪ್ರಶ್ನೆ: ಮೀಸಲಿಟ್ಟ ಹಣವೂ ಮುಗಿಯಿತು, ಕೆಲಸ ಇನ್ನೂ ಇದೆ. ಸಾಲ ಮಾಡುವ ಮನಸ್ಸಿಲ್ಲ. ಏನನ್ನು ಕೈಬಿಡಬಹುದು?

ಉತ್ತರ: ಗೋಡೆ, ನೆಲದ ಒಳಗೆ ಮುಚ್ಚಿಹೋಗುವ ಯಾವುದರಲ್ಲೂ ಉಳಿಸಬೇಡಿ. ಪೈಪು, ವೈರು, ಅರ್ತಿಂಗ್, ವಾಟರ್‌ಪ್ರೂಫಿಂಗ್ ಈಗಲೇ ಆಗಲಿ. ಕಣ್ಣಿಗೆ ಕಾಣುವುದೆಲ್ಲ ಕಾಯಬಹುದು. ಹಳೆ ಬಾಗಿಲನ್ನೇ ಉಜ್ಜಿ ಬಣ್ಣ ಹಚ್ಚಿಸಿ. ಅಡುಗೆಮನೆಯ ಮೇಲಿನ ಕಪಾಟನ್ನು ಮುಂದಿನ ವರ್ಷ ಮಾಡಿಸಿ, ಆದರೆ ಅಲ್ಲಿಗೆ ಬೇಕಾದ ವೈರಿಂಗ್ ಪಾಯಿಂಟ್ ಈಗಲೇ ಬಿಡಿಸಿ. ಬಣ್ಣ ತಡವಾದರೆ ನಷ್ಟವಿಲ್ಲ. ಹೊಸ ಸಿಮೆಂಟ್ ಗಾರೆಗೆ ಹೇಗೂ ಸುಮಾರು 28 ದಿನ ಒಣಗುವ ಸಮಯ ಕೊಡಬೇಕು, ಸದ್ಯ ಪ್ರೈಮರ್ ಕೂಡ ಹಚ್ಚದೆ ಹಾಗೇ ಬಿಡಿ.