1962ರ ವಿಲ್ಲಿಸ್ ಜೀಪಿಗೆ ಮಹೀಂದ್ರ ಡೀಸೆಲ್ ಎಂಜಿನ್ ಕೂರುತ್ತದೆಯೇ?

ಶಿರಸಿಯಲ್ಲಿ ಅಜ್ಜನ ಕಾಲದ ಸಿಜೆ-3ಬಿ ಜೀಪಿದೆ, ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿದೆ, ಗುಜರಿಯಲ್ಲಿ ಮಹೀಂದ್ರದ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಸಿಕ್ಕಿದೆ, ಹಾಕಿದರೆ ಕುಮಟಾಕ್ಕೆ ಘಟ್ಟ ಇಳಿದು ಹತ್ತಬಹುದೇ ಎಂದು ಕೇಳಿದ್ದೀರಿ. ಕೂರುತ್ತದೆ, ಘಟ್ಟವನ್ನೂ ಹತ್ತುತ್ತದೆ. ಆದರೆ ಎಂಜಿನ್ ಇಳಿಸಿ ಜಾಗ ನೋಡುವುದರಿಂದ ಕೆಲಸ ಶುರು ಮಾಡಬೇಡಿ. ಹಿಂದಿನ ಆಕ್ಸಲ್‌ನಿಂದ ಮುಂದಕ್ಕೆ ಅಳೆಯುತ್ತ ಬನ್ನಿ. ಎಂಜಿನ್ ಎಲ್ಲಿ ನಿಲ್ಲಬೇಕೆಂದು ಆ ಅಳತೆಯೇ ಹೇಳುತ್ತದೆ.

ಮೊದಲು ಕಾಗದ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಓ ಅನುಮತಿ ಬೇಕು. ನಿಮಗೆ ಪೆಟ್ರೋಲ್ ಹೋಗಿ ಡೀಸೆಲ್ ಬರುವುದರಿಂದ ಆರ್‌ಸಿಯಲ್ಲಿ ಇಂಧನವೂ ಬದಲಾಗಬೇಕು. ಗುಜರಿಯವರಿಂದ ಬಿಲ್ಲು, ಆ ಎಂಜಿನ್ ನಂಬರಿನ ಹಳೇ ಆರ್‌ಸಿ ಪ್ರತಿ ಎರಡನ್ನೂ ಪಡೆಯಿರಿ. ಇನ್ನೊಂದು ವಿಷಯ: 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ ‘ವಿಎ’ ನಂಬರು ಸಿಗುವುದು 50 ವರ್ಷ ದಾಟಿದ, ಚಾಸಿ (ಗಾಡಿಯ ಕಬ್ಬಿಣದ ಚೌಕಟ್ಟು), ಬಾಡಿ, ಎಂಜಿನ್ ಮೂಲದಂತೆಯೇ ಇರುವ ಗಾಡಿಗೆ. ಡೀಸೆಲ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ಬಿರುಕು ಹೊರಗಿನ ವಾಟರ್ ಜಾಕೆಟ್‌ನಲ್ಲಷ್ಟೇ (ಬ್ಲಾಕಿನೊಳಗೆ ನೀರು ಹರಿಯುವ ಭಾಗ) ಇದ್ದರೆ ಮೆಟಲ್ ಸ್ಟಿಚಿಂಗ್ (ಲೋಹದ ಪಿನ್ನುಗಳಿಂದ ಬಿರುಕು ಹೊಲಿಯುವುದು) ಮಾಡಿಸಬಹುದು, ಅದನ್ನೊಮ್ಮೆ ವಿಚಾರಿಸಿ. ಏನೇ ಆಗಲಿ, ಹಳೇ ಎಂಜಿನ್ನನ್ನು ತೂಕಕ್ಕೆ ಹಾಕಬೇಡಿ. ಸಿಲಿಂಡರಿಗೆ ಎಣ್ಣೆ ಬಿಟ್ಟು, ತೂತುಗಳನ್ನು ಮುಚ್ಚಿ ಅಟ್ಟಣೆಯಲ್ಲಿಡಿ.

ಚಾಸಿಯನ್ನು ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಸ್ವಲ್ಪ ಕಾಲವಾದರೂ ಕಡಲ ಬದಿಯಲ್ಲಿದ್ದ ಗಾಡಿಯಾದರೆ ಪಾಟಾದ (ಪಟ್ಟಿ ಸ್ಪ್ರಿಂಗಿನ) ಹ್ಯಾಂಗರ್ ಬುಡ ಮತ್ತು ಮುಂದಿನ ಮುಚ್ಚಿದ ಭಾಗವನ್ನು ಬಿಡದೆ ನೋಡಿ. ದಬ್ ಎಂದ ಜಾಗಕ್ಕೆ ಎಂಜಿನ್ ಮೌಂಟಿಂಗ್ ಬರುವ ಹಾಗಿಲ್ಲ.

ಈಗ ಅಳತೆ. ಈ ಜೀಪಿನ ವೀಲ್‌ಬೇಸ್ ಬರೀ 80 ಇಂಚು. ಉದ್ದನೆಯ ನಾಲ್ಕು ಗೇರಿನ ಬಾಕ್ಸ್ ಹಾಕಿದರೆ ಅದು ಬೆಳೆದಷ್ಟೂ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗುತ್ತದೆ, ಕೋನ ಕಡಿದಾಗುತ್ತದೆ, ಕ್ರಾಸ್‌ಗಳು (ಶಾಫ್ಟಿನ ತುದಿಯ ಕೀಲುಗಳು) ಬೇಗ ಸಾಯುತ್ತವೆ. ಹಾಗಾಗಿ ಮೂಲದ ಟಿ-90 ಮೂರು ಗೇರಿನ ಬಾಕ್ಸನ್ನೂ ಟ್ರಾನ್ಸ್‌ಫರ್ ಕೇಸನ್ನೂ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಇದ್ದಲ್ಲೇ ಬಿಟ್ಟು, ಎಂಜಿನ್ನನ್ನು ಅವುಗಳ ಬಳಿಗೆ ತರುವುದೇ ಸರಿ ಎಂದು ನಾನು ಹೇಳುತ್ತೇನೆ. ಡಿಫರೆನ್ಷಿಯಲ್ ಒಂದು ಬದಿಗಿರುವುದರಿಂದ, ನಡುವಿನಿಂದ ಶಾಫ್ಟ್ ಹೊರಡುವ ಬಾಕ್ಸ್ ಇಲ್ಲಿ ಆಗಿಬರುವುದಿಲ್ಲ.

ಹೆಚ್ಚಿನವರು ಎಡವುವುದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ ಬೆಲ್ ಹೌಸಿಂಗ್‌ನಲ್ಲಿ. ಬೋಲ್ಟು ಕೂತಿತು ಎಂದಾಕ್ಷಣ ನೇರ ಬಂತು ಎಂದಲ್ಲ. ಕ್ಲಚ್ ಬಿಚ್ಚಿ, ಫ್ಲೈವೀಲಿಗೆ ಡಯಲ್ ಗೇಜ್ (ಸಣ್ಣ ಓಡಾಟ ತೋರಿಸುವ ಮುಳ್ಳಿನ ಅಳತೆಗೋಲು) ಕಚ್ಚಿಸಿ, ಅದರ ಮೊನೆಯನ್ನು ಹೌಸಿಂಗಿನ ನಡುತೂತಿನ ಒಳಅಂಚಿಗೆ ತಾಗಿಸಿ. ಇಂಜೆಕ್ಟರ್ ತೆಗೆದರೆ ಕ್ರ್ಯಾಂಕ್ ಕೈಯಲ್ಲೇ ತಿರುಗುತ್ತದೆ. ನಿಧಾನ ಪೂರ್ತಿ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.13 ಮಿ.ಮೀ. ಒಳಗಿರಬೇಕು. ಮೀರಿದರೆ ಆಫ್‌ಸೆಟ್ ಡೋವೆಲ್ ಪಿನ್ (ಹೌಸಿಂಗನ್ನು ತುಸು ಸರಿಸಿ ಕೂರಿಸುವ ಓರೆ ಪಿನ್) ಹಾಕಿ ಸರಿಪಡಿಸಿ. ಇದನ್ನು ಬಿಟ್ಟರೆ ಗೇರ್ ತಾನಾಗಿ ಹಾರುತ್ತದೆ, ಇನ್‌ಪುಟ್ ಬೇರಿಂಗ್ ಕೂಗತೊಡಗುತ್ತದೆ, ದೋಷ ಬಾಕ್ಸಿನದ್ದೆಂದು ಎರಡೆರಡು ಸಲ ಬಾಕ್ಸ್ ಬಿಚ್ಚುತ್ತೀರಿ. ಇನ್‌ಪುಟ್ ಶಾಫ್ಟಿನ ತುದಿಗೆ ಲೇಥ್‌ನಲ್ಲಿ ಗನ್‌ಮೆಟಲ್ ಬುಶ್ ಮಾಡಿಸಿ, ಸಡಿಲ ಸುಮಾರು 0.05 ಮಿ.ಮೀ. ಇರಲಿ. ಬಿಗಿಯಾದರೆ ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ.

ಎಂಜಿನ್ ಹಿಂಬದಿಗೆ ಸುಮಾರು 3 ಡಿಗ್ರಿ ಇಳಿಜಾರಾಗಿರಲಿ. ಮುಂದಿನ ಪಾಟಾ ಪೂರ್ತಿ ಕುಸಿದಾಗಲೂ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಮತ್ತು ಆಕ್ಸಲ್ ನಡುವೆ 40 ಮಿ.ಮೀ. ಉಳಿಯಬೇಕು. ಮೌಂಟಿಂಗಿಗೆ 6 ಮಿ.ಮೀ. ಪ್ಲೇಟು, 10.9 ಗ್ರೇಡ್ ಬೋಲ್ಟು; ಚಾಸಿಯೊಳಗೆ ಪೈಪಿನ ತುಂಡು ತೂರಿಸಿ ಬೋಲ್ಟು ಬಿಗಿಯಿರಿ, ಇಲ್ಲದಿದ್ದರೆ ಚಾಸಿ ಅಪ್ಪಚ್ಚಿಯಾಗುತ್ತದೆ. ಚಾಸಿಗೆ ಅಡ್ಡಲಾಗಿ ಮೇಲಿಂದ ಕೆಳಗೆ ವೆಲ್ಡ್ ಎಳೆಯಬೇಡಿ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ರಬ್ಬರ್ ಮೌಂಟಿಂಗ್ ಕರೆಂಟ್ ಬಿಡದ ಕಾರಣ ಎಂಜಿನ್‌ನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಬೇಕೇ ಬೇಕು. ಮರೆತರೆ ಸ್ಟಾರ್ಟರಿನ ಕರೆಂಟ್ ಎಕ್ಸಲೇಟರ್ ಕೇಬಲ್ ಮೂಲಕ ಹರಿದು ಅದನ್ನು ಸುಡುತ್ತದೆ.

ವೇಗದ ಲೆಕ್ಕವನ್ನೂ ನೋಡಿ. ನಿಮ್ಮ ಆಕ್ಸಲ್‌ನ ಗೇರ್ ಅನುಪಾತ 5.38, ಟೈರು 6.00-16. ಹಳೇ ಎಂಜಿನ್ 4000 ಆರ್‌ಪಿಎಂನಲ್ಲಿ ಗಂಟೆಗೆ 98 ಕಿ.ಮೀ. ಆಸುಪಾಸು ಓಡುತ್ತಿತ್ತು. 2523 ಸಿಸಿಯ ಡಿಐ 3200 ಆರ್‌ಪಿಎಂ ಮೀರಿ ಏರದು, ಅಂದರೆ ಸುಮಾರು 78 ಕಿ.ಮೀ. ಘಟ್ಟಕ್ಕೆ ಇದು ಒಳ್ಳೆಯದೇ. ಹೈವೇ ಆಸೆಗೆ ಆಕ್ಸಲ್ ಬದಲಿಸಲು ಹೋಗಬೇಡಿ, 9 ಇಂಚಿನ ಡ್ರಮ್ ಬ್ರೇಕ್ ಅಷ್ಟು ವೇಗ ತಡೆಯಲಾರದು.

ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಗಾಡಿ ನಿಧಾನ ಹತ್ತುವಾಗ ರೇಡಿಯೇಟರಿಗೆ ಎದುರುಗಾಳಿ ಇರುವುದಿಲ್ಲ, ಎಲ್ಲವೂ ಫ್ಯಾನಿನ ಮೇಲೆಯೇ. ತಗಡಿನ ಶ್ರೌಡ್ (ಫ್ಯಾನಿನ ಸುತ್ತ ಗಾಳಿ ಹಿಡಿದಿಡುವ ಕವಚ) ಮಾಡಿಸಿ, ಫ್ಯಾನಿನ ಎಲೆ ಅರ್ಧ ಅದರೊಳಗಿರಲಿ, ಅಂಚಿಗೆ 15 ಮಿ.ಮೀ. ಬಿಡಿ. ಉಪ್ಪಿನಂಶದ ಬಾವಿ ನೀರು ಹಾಕದೆ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲು ಹಾಕಿ.

ಟ್ಯಾಂಕಿಗೆ ಡೀಸೆಲ್ ವಾಪಸಾಗುವ ಪೈಪು ಸೇರಿಸಿ, ಮಳೆಗಾಲಕ್ಕೆ ನೀರು ಬೇರ್ಪಡಿಸುವ ಫಿಲ್ಟರ್ ಇರಲಿ. ವೈರಿಂಗ್ 6 ವೋಲ್ಟಿನದ್ದಾದರೆ ಪೂರ್ತಿ 12ಕ್ಕೆ ಬದಲಿಸಿ. ಸೈಲೆನ್ಸರಿಗೆ ಫ್ಲೆಕ್ಸಿಬಲ್ ತುಂಡು ಹಾಕದಿದ್ದರೆ ಡಿಐ ನಡುಗುವ ರಭಸಕ್ಕೆ ಮ್ಯಾನಿಫೋಲ್ಡ್ ಸ್ಟಡ್ ಮುರಿಯುತ್ತದೆ.

ಮೊದಲ ಸ್ಟಾರ್ಟಿಗೆ ಮುಂಚೆ ಫಿಲ್ಟರ್, ಪಂಪು, ಇಂಜೆಕ್ಟರ್ ಪೈಪು, ಇದೇ ಕ್ರಮದಲ್ಲಿ ಗಾಳಿ ತೆಗೆಯಿರಿ. ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದಾಗ ಪಂಪಿನ ಲಿವರ್ ಕೊನೆಯವರೆಗೆ ಹೋಗುತ್ತದೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ಕೀಲಿ ತಿರುಗಿಸಿ. 500 ಕಿ.ಮೀ. ಆದ ಮೇಲೆ ಮೌಂಟಿಂಗ್ ಮತ್ತು ಹೌಸಿಂಗ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.